ಘಟ್ಟ ಇಳಿಯುವ ಮುನ್ನ ಕಟ್ಟಿಟ್ಟುಕೊಳ್ಳಬೇಕಾದ ತಳಗಾಳ

ತುಂಗೆಯಲ್ಲೋ ಲಿಂಗನಮಕ್ಕಿ ಹಿನ್ನೀರಿನಲ್ಲೋ ಗಾಳ ಹಾಕಿ ಕೈ ಪಳಗಿದವರು ಹೊನ್ನಾವರಕ್ಕೋ ಗಂಗೊಳ್ಳಿಗೋ ಇಳಿದು ಬರಿಗೈಯಲ್ಲಿ ಘಟ್ಟ ಹತ್ತುವುದುಂಟು. ಅಲ್ಲಿ ಮೀನಿಲ್ಲ ಅಂತಲ್ಲ, ಹೊಳೆಯ ಗಾಳವನ್ನೇ ಕಡಲಿಗೂ ಒಯ್ದಿರುತ್ತಾರೆ: ಬೆಂಡು, ಹತ್ತು ಗ್ರಾಂ ಸೀಸ, ಗೋಧಿಹಿಟ್ಟಿನ ಉಂಡೆ. ಹಿನ್ನೀರು ನಿಂತ ನೀರು. ಅಳಿವೆಯ ನೀರು ಸುಮಾರು ಆರು ತಾಸಿಗೊಮ್ಮೆ ದಿಕ್ಕು ಬದಲಿಸಿ ಹರಿಯುತ್ತದೆ. ಅಲೆಯ ಹೊಡೆತಕ್ಕೆ ಹಿಟ್ಟಿನ ಉಂಡೆ ಉದುರಿಹೋಗುತ್ತದೆ. ಗೊಬ್ಬರಗುಂಡಿಯಿಂದ ತಂದ ಎರೆಹುಳ ಉಪ್ಪುನೀರಿನಲ್ಲಿ ಬೇಗ ಸತ್ತು ಜೋತುಬೀಳುತ್ತದೆ. ಹಗುರ ಸೀಸ ಉರುಳುತ್ತಾ ಹೋಗಿ ಕಲ್ಲಿನ ಸಂದಿ ಸೇರುತ್ತದೆ.

ಕಡಲಿಗೆ ಬೇಕಾದದ್ದು ತಳದಲ್ಲಿ ನಿಲ್ಲುವ ರಿಗ್, ಅಂದರೆ ಕೊಕ್ಕೆ, ಸೀಸ, ದಾರ ಸೇರಿಸಿ ಕಟ್ಟಿದ ಗಾಳದ ತುದಿಭಾಗ. ಅದನ್ನು ಮನೆಯ ಜಗಲಿಯಲ್ಲಿ ಕೂತು ಬೆಳಕಿನಲ್ಲಿ ಕಟ್ಟಿ. ಗಾಳಿಗೆ ಬಂಡೆಯ ಮೇಲೆ ನಿಂತು, ಸಿಗಡಿ ಮುಟ್ಟಿದ ಕೈಯಲ್ಲಿ ಹಾಕಿದ ಗಂಟು ನೆಚ್ಚುವಂಥದ್ದಲ್ಲ. ಒಬ್ಬರಿಗೆ ಒಂದು ದಿನಕ್ಕೆ ಎರಡು ಕೊಕ್ಕೆಯ ರಿಗ್ ಆರು, ಜಾರುಸೀಸದ್ದು ನಾಲ್ಕು ಸಾಕು. ಕಲ್ಲಿನ ಜಾಗಕ್ಕೆ ಹೋಗುವುದಾದರೆ ಇನ್ನೂ ನಾಲ್ಕು ಹೆಚ್ಚು ಕಟ್ಟಿಕೊಳ್ಳಿ, ಅವು ಕಲ್ಲಿನ ಪಾಲು.

ಬೇಕಾದ ಸಾಮಾನು: 0.60 ಮಿ.ಮೀ. ನೈಲಾನ್ ದಾರ (ಸುಮಾರು 20 ಕೆ.ಜಿ. ತಡೆಯುವಂಥದ್ದು), 0.30 ಮಿ.ಮೀ. ದಾರ (ಸುಮಾರು 6 ಕೆ.ಜಿ.), ಸ್ವಿವೆಲ್ (ಎರಡು ಕಡೆ ಕಣ್ಣಿದ್ದು ತಿರುಗುವ ಲೋಹದ ತುಣುಕು), ಪ್ಲಾಸ್ಟಿಕ್ ಮಣಿ, 40ರಿಂದ 120 ಗ್ರಾಂವರೆಗಿನ ಸೀಸ, ದರ್ಜಿಯ ನೂಲು. ಕೊಕ್ಕೆ ಕೊಳ್ಳುವಾಗ ಅಂಕಿ ನೋಡಿ ಮೋಸ ಹೋಗಬೇಡಿ. 8 ಅಂದರೆ 6ಕ್ಕಿಂತ ಚಿಕ್ಕದು. 1 ದಾಟಿದ ಮೇಲೆ 1/0, 2/0 ಅಂತ ದೊಡ್ಡದಾಗುತ್ತಾ ಹೋಗುತ್ತದೆ. ಕಾಣೆ ಮೀನಿನ ಬಾಯಿ ಚಿಕ್ಕದು, ಅದಕ್ಕೆ ಉದ್ದ ಕಾಲಿನ 8ನೇ ನಂಬರ್. ಕಲ್ಲೂರು ಮೀನಿಗೆ 1/0. ಕೆಂಬೇರಿ, ಮುರು ಮೀನಿಗೆ 3/0 ಅಥವಾ 4/0 ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ಕೊಕ್ಕೆ).

ಮೊದಲು ಎರಡು ಕೊಕ್ಕೆಯ ರಿಗ್. ತುದಿಗೆ ಸೀಸ, ಅದರ ಮೇಲೆ ಪಕ್ಕಕ್ಕೆ ಚಾಚಿದ ಎರಡು ಕೊಂಡಿ, ಕೊಂಡಿಗೊಂದು ಕೊಕ್ಕೆ, ಇಷ್ಟೇ ಇದರ ರೂಪ. 0.60 ದಾರವನ್ನು ಎರಡು ಮೀಟರ್ ಕತ್ತರಿಸಿ. ಮುಗಿದ ರಿಗ್ ಒಂದು ಮೀಟರ್ ಚಿಲ್ಲರೆ ಬರುತ್ತದೆ, ಉಳಿದದ್ದನ್ನು ಕೊಂಡಿಗಳೇ ನುಂಗುತ್ತವೆ. ಒಂದು ತುದಿಗೆ ಸ್ವಿವೆಲ್ ಕಟ್ಟಿ: ದಾರವನ್ನು ಕಣ್ಣಿನಲ್ಲಿ ತೂರಿಸಿ, ಮೂಲದಾರದ ಸುತ್ತ ನಾಲ್ಕು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಸಂದಿಯಲ್ಲಿ ನುಸುಳಿಸಿ, ಮತ್ತೆ ಆಗ ಉಂಟಾದ ದೊಡ್ಡ ಕುಣಿಕೆಯೊಳಗೂ ತಂದು ಎಳೆಯಿರಿ. 0.30 ದಾರವಾದರೆ ಆರು ಸುತ್ತು ಬೇಕು. ದಪ್ಪ ದಾರಕ್ಕೂ ಆರು ಸುತ್ತು ಹಾಕಿದರೆ ಗಂಟು ಪೂರ್ತಿ ಬಿಗಿಯುವುದಿಲ್ಲ, ಮೀನು ಎಳೆದಾಗ ಜಾರುತ್ತದೆ.

ಕೈ ಕೂರಬೇಕಾದದ್ದು ಕೊಂಡಿಯ ಗಂಟಿಗೆ. ಸ್ವಿವೆಲ್‌ನಿಂದ 30 ಸೆಂ.ಮೀ. ಕೆಳಗೆ ದಾರವನ್ನು ಅಂಗೈಗಿಂತ ತುಸು ಅಗಲದ ಬಳೆಯಂತೆ ಸುತ್ತಿ. ದಾರ ಒಂದರ ಮೇಲೊಂದು ಬರುವ ಜಾಗದಲ್ಲಿ ಬೆಂಕಿಕಡ್ಡಿ ಇಟ್ಟು, ಅದರ ಎರಡೂ ಬದಿಗೆ ನಾಲ್ಕು ನಾಲ್ಕು ಸುತ್ತು ಬರುವಂತೆ ಹುರಿ ಮಾಡಿ. ಕಡ್ಡಿ ತೆಗೆದರೆ ನಡುವೆ ಕಿಂಡಿ ಉಳಿಯುತ್ತದೆ. ಬಳೆಯ ಎದುರು ಬದಿಯನ್ನು ಆ ಕಿಂಡಿಯಲ್ಲಿ ತೂರಿಸಿ, ಹಿಂದಕ್ಕೆ ಸರಿಯದಂತೆ ಬಾಗಿಲ ಚಿಲಕಕ್ಕೋ ಮೊಳೆಗೋ ಸಿಕ್ಕಿಸಿ. ಗಂಟಿಗೆ ಎಂಜಲು ಹಚ್ಚಿ ಎರಡೂ ತುದಿಯನ್ನು ನಿಧಾನ ಎಳೆಯಿರಿ. ಸುತ್ತುಗಳು ಒತ್ತೊತ್ತಾಗಿ ಸ್ಪ್ರಿಂಗಿನಂತೆ ಕೂತು, ಕೊಂಡಿ ಮೂಲದಾರಕ್ಕೆ ಅಡ್ಡಲಾಗಿ ನೆಟ್ಟಗೆ ನಿಂತರೆ ಗಂಟು ಸರಿ. ಒಣಗಂಟನ್ನು ಜಗ್ಗಿದರೆ ನೈಲಾನ್ ಕಾದು ಬಿಳಿಚಿಕೊಳ್ಳುತ್ತದೆ. ಬಿಳಿಚಿದ್ದು ಕಂಡರೆ ಮಮಕಾರ ಬೇಡ, ಕತ್ತರಿಸಿ ಮತ್ತೆ ಕಟ್ಟಿ.

ಕೊಂಡಿ ಸುಮಾರು 10 ಸೆಂ.ಮೀ. ಚಾಚಿರಲಿ. ಎರಡನೆಯದು ಅದರಿಂದ 40 ಸೆಂ.ಮೀ. ಕೆಳಗೆ. ಎರಡು ಕೊಂಡಿಗಳ ಉದ್ದ ಸೇರಿಸಿದರೂ ನಡುವಿನ ಅಂತರಕ್ಕಿಂತ ಕಡಿಮೆ ಇರಬೇಕು; ಇಲ್ಲದಿದ್ದರೆ ಎಸೆದಾಗಲೆಲ್ಲ ಕೊಕ್ಕೆಗಳು ಒಂದಕ್ಕೊಂದು ಜಡೆ ಹೆಣೆದುಕೊಳ್ಳುತ್ತವೆ. ಕೆಳಗಿನ ಕೊಂಡಿಯಿಂದ 30 ಸೆಂ.ಮೀ. ಬಿಟ್ಟು ಸೀಸಕ್ಕೆ ಒಂದು ಕುಣಿಕೆ. ಕೊಕ್ಕೆಗೆ ಬೇರೆ ಗಂಟು ಬೇಡ: ಕೊಂಡಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಕೊಕ್ಕೆಯ ಮೇಲಿಂದ ದಾಟಿಸಿ ಎಳೆದರೆ ಆಯಿತು. ಬದಲಿಸುವುದೂ ಸಲೀಸು.

ತಳದಲ್ಲಿ ಬರೀ ಕಲ್ಲಿದ್ದರೆ ಸೀಸವನ್ನು ನೇರ ಕಟ್ಟದೆ 25 ಸೆಂ.ಮೀ. 0.30 ದಾರದಲ್ಲಿ ಇಳಿಬಿಡಿ. ಸೀಸ ಸಂದಿಗೆ ಸಿಕ್ಕಿದರೆ ಆ ಸಪೂರ ದಾರ ಹರಿದು, ರಿಗ್ಗೂ ಮೀನೂ ಕೈಗೆ ಬರುತ್ತವೆ. ಅಲ್ಲಿ ಸೀಸವೇ ಬೇಕೆಂದಿಲ್ಲ, ಗ್ಯಾರೇಜಿನ ಹಳೆ ಸ್ಪಾರ್ಕ್ ಪ್ಲಗ್, ತುಕ್ಕು ಹಿಡಿದ ನಟ್ಟು ಸಾಕು. ಆದರೆ ಹೀಗೆ ಕಟ್ಟಿದ ಗಾಳವನ್ನು ಬೀಸಿ ಎಸೆಯಬಾರದು, ಹತ್ತಿರಕ್ಕೆ ತೂಗಿ ಬಿಡಬೇಕು. ಪೂರ್ತಿ ಬಲ ಹಾಕಿ ಬೀಸಿದರೆ ಸಪೂರ ದಾರ ಗಾಳಿಯಲ್ಲೇ ತುಂಡಾಗಿ ಭಾರ ಗುಂಡಿನಂತೆ ಹಾರುತ್ತದೆ. ದೂರ ಎಸೆಯುವುದಾದರೆ ಲೆಕ್ಕ ಇದು: ಪ್ರತಿ 30 ಗ್ರಾಂ ಭಾರಕ್ಕೆ ಸುಮಾರು 5 ಕೆ.ಜಿ. ತಡೆಯುವ ದಾರ. 120 ಗ್ರಾಂ ಎಸೆಯುವವರಿಗೆ 20 ಕೆ.ಜಿ.ಯ ಲೀಡರ್ (ರೀಲಿನ ದಾರದ ತುದಿಗೆ ಕಟ್ಟುವ ದಪ್ಪ ದಾರ) ಬೇಕು. ಅದು ರಾಡಿನ ಎರಡರಷ್ಟು ಉದ್ದವಿದ್ದು, ಮೇಲೆ ರೀಲಿನ ಮೇಲೂ ನಾಲ್ಕಾರು ಸುತ್ತು ಬರಬೇಕು.

ಜಾರುಸೀಸದ ರಿಗ್ ಇನ್ನೂ ಸುಲಭ. ನಡುವೆ ತೂತಿರುವ ಮೊಟ್ಟೆಯಾಕಾರದ ಸೀಸವನ್ನು ಲೀಡರಿಗೆ ಪೋಣಿಸಿ, ಆಮೇಲೆ ಮಣಿ, ಆಮೇಲೆ ಸ್ವಿವೆಲ್, ಅದರಿಂದ 60 ಸೆಂ.ಮೀ. 0.30 ದಾರ, ತುದಿಗೆ ಕೊಕ್ಕೆ. ಮಣಿ ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಸೀಸ ಪ್ರತಿ ಎಸೆತಕ್ಕೂ ಗಂಟಿಗೆ ಬಡಿದು ಅದನ್ನು ಜಜ್ಜುತ್ತದೆ. ಮರಳು ತಳದ ಕಾಣೆಗೆ ಇದೇ ಸರಿ, ಮೀನು ಕಚ್ಚಿ ಸರಿದಾಗ ದಾರ ಸೀಸದೊಳಗಿಂದ ಜಾರುವುದರಿಂದ ಭಾರ ಅದಕ್ಕೆ ತಿಳಿಯುವುದಿಲ್ಲ. ಆಗಾಗ ಗಾಳವನ್ನು ಒಂದು ಮಾರು ಮೆಲ್ಲಗೆ ಎಳೆದು ನಿಲ್ಲಿಸಿ. ಮರಳು ಕದಡಿದ ಕಡೆಗೆ ಕಾಣೆ ಬರುತ್ತದೆ.

ಇಷ್ಟಾದ ಮೇಲೆ ನೀರಿನ ಬದಿಯಲ್ಲಿ ಬದಲಿಸಬೇಕಾದದ್ದು ಸೀಸದ ತೂಕ, ಕೊಕ್ಕೆಯ ದಾರದ ಉದ್ದ, ಎರೆ. ರಾಡಿನ ತುದಿ ನೋಡುತ್ತಿರಿ. ತುದಿ ಬಾಗಿ ಬಾಗಿ ಸಡಿಲವಾಗುತ್ತಿದ್ದರೆ ಸೀಸ ಉರುಳುತ್ತಿದೆ. 20–30 ಗ್ರಾಂ ಏರಿಸಿ, ಅಥವಾ ಮರಳಿನಲ್ಲಿ ಉರುಳದ ಪಿರಮಿಡ್ ಸೀಸ ಹಾಕಿ. ಏರಿಸುವ ಮೊದಲು ರೀಲಿನ ದಾರವನ್ನೂ ನೋಡಿ. ಅದು 0.50 ಇದ್ದರೆ ಹರಿವು ದಾರವನ್ನೇ ಹಿಡಿದು ತಳ್ಳುತ್ತದೆ, 0.35ಕ್ಕೆ ಇಳಿದರೆ ಅದೇ ಸೀಸ ನಿಲ್ಲುತ್ತದೆ. ರಾಡಿನ ಮೇಲೆ ಬರೆದ ಗ್ರಾಂ ಮಿತಿ ಮೀರಬೇಡಿ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹರಿವು ಜೋರು, ಅಷ್ಟಮಿಯ ಹೊತ್ತಿಗೆ ಮೆತ್ತಗೆ. ಹೊಸಬರು ಅಷ್ಟಮಿ ನೋಡಿ ಹೊರಡುವುದು ಜಾಣತನ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹೋದ ವಾರದ ಗಂಟೆ ಈ ವಾರಕ್ಕೆ ನಡೆಯದು. ಶರಾವತಿಯ ಅಳಿವೆಯದು ಬೇರೆಯೇ ಸ್ವಭಾವ. ಅಂಬುತೀರ್ಥದಲ್ಲಿ ಹುಟ್ಟಿ ನಮ್ಮೂರುಗಳನ್ನು ಹಾದ ನೀರು ಗೇರುಸೊಪ್ಪದಲ್ಲಿ ವಿದ್ಯುತ್ತಾಗಿ ಬೇಸಿಗೆಯಲ್ಲೂ ಕೆಳಗೆ ಹರಿಯುವುದರಿಂದ ಅಲ್ಲಿ ಉಪ್ಪು ಕಡಿಮೆ, ಇಳಿತದ ಸೆಳೆತ ಹೆಚ್ಚು. ಕಡಲ ಮೀನು ಬೇಕೆಂದರೆ ಸೇತುವೆಯಿಂದ ಒಳಗೆ ಹೋಗದೆ ಹೊನ್ನಾವರದ ಎದುರು ದಡದ ಕಾಸರಕೋಡಿನಲ್ಲಿ ಅಳಿವೆಯ ಬಾಯಿಗೆ ಹತ್ತಿರ ನಿಲ್ಲಿ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬೇಸಿಗೆಯಲ್ಲಿ ಉಪ್ಪು ಬಹಳ ಒಳಗಿನವರೆಗೂ ಏರುತ್ತದೆ.

ಹರಿವು ಜೋರಿದ್ದಾಗ ಜಾರುಸೀಸದ ಕೊಕ್ಕೆದಾರವನ್ನು 35–40 ಸೆಂ.ಮೀ.ಗೆ ಇಳಿಸಿ, ನೀರು ನಿಂತಾಗ 90ಕ್ಕೆ ಏರಿಸಿ. ಎರೆ ಮತ್ತೆ ಮತ್ತೆ ಖಾಲಿಯಾಗಿ, ಕಚ್ಚಿದ ಸುಳಿವೇ ಸಿಗದಿದ್ದರೆ ಏಡಿಯ ಕೆಲಸ. ಕೊಕ್ಕೆಯ ಹತ್ತಿರ ಕಡಲೆಕಾಳಿನಷ್ಟು ಥರ್ಮಾಕೋಲ್ ಪೋಣಿಸಿದರೆ ಎರೆ ತಳದಿಂದ ಮೇಲೇಳುತ್ತದೆ. ಕೊಕ್ಕೆಯೇ ಮಾಯವಾಗಿದ್ದರೆ ದಾರದ ತುದಿಯನ್ನು ಬೆರಳಲ್ಲಿ ಸವರಿ ನೋಡಿ. ಹಂದಿಬಾಲದಂತೆ ಸುರುಳಿಯಾಗಿದ್ದರೆ ನಿಮ್ಮ ಗಂಟು ಜಾರಿದೆ. ದೊರಗಾಗಿದ್ದರೆ ಕಲ್ಲಿಗೆ ಉಜ್ಜಿದೆ. ಕತ್ತರಿಯಲ್ಲಿ ಕತ್ತರಿಸಿದಂತಿದ್ದರೆ ಹಲ್ಲಿನ ಮೀನು, ಬಹುಶಃ ಹೊಟ್ಟೆ ಊದಿಸಿಕೊಳ್ಳುವ ಪಫರ್. ಅದು ಕೈಗೆ ಬಂದರೂ ವಿಷದ ಮೀನು, ತಿನ್ನಬಾರದು.

ಎರೆಗೆ ಸಿಗಡಿ, ಬಂಗುಡೆ, ಬೊಂಡಾಸ (ಸ್ಕ್ವಿಡ್). ಕಾಣೆಗಾದರೆ ಸಿಪ್ಪೆ ಸುಲಿದ ಸಿಗಡಿಯ ಎರಡು ಸೆಂ.ಮೀ. ತುಂಡು. ಬಂಗುಡೆಯನ್ನು ಚರ್ಮ ಸಹಿತ 8 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಪಟ್ಟಿ ಮಾಡಿ, ಒಂದು ತುದಿಯಲ್ಲಿ ಮಾತ್ರ ಚುಚ್ಚಿ. ನಡುವೆ ಚುಚ್ಚಿದರೆ ಹರಿವಿಗೆ ಫ್ಯಾನಿನಂತೆ ತಿರುಗಿ ದಾರವೆಲ್ಲ ಹುರಿಯಾಗುತ್ತದೆ. ಮೆತ್ತನೆ ಎರೆಗೆ ದರ್ಜಿಯ ನೂಲಿನಿಂದ ಐದಾರು ಸುತ್ತು. ಬೊಂಡಾಸಕ್ಕೆ ಅದೂ ಬೇಡ, ತಾಸುಗಟ್ಟಲೆ ಉಳಿಯುತ್ತದೆ. ಕೊಕ್ಕೆಯ ಮೊನೆ ಮಾತ್ರ ಸದಾ ಹೊರಗೆ ಕಾಣುತ್ತಿರಲಿ.

ಸರ್ಕಲ್ ಹುಕ್ ಹಾಕಿದ್ದರೆ ಹೊಳೆಯ ಚಾಳಿಯಂತೆ ಝಾಡಿಸಬೇಡಿ. ದಾರ ಬಿಗಿಯಾಗುವಷ್ಟು ಸುಮ್ಮನೆ ರೀಲ್ ತಿರುಗಿಸಿ, ಕೊಕ್ಕೆ ತಾನೇ ಬಾಯಿಯ ಅಂಚಿಗೆ ಹೊರಳಿ ಕಚ್ಚಿಕೊಳ್ಳುತ್ತದೆ. ಝಾಡಿಸಿದರೆ ಎರೆಯ ಸಮೇತ ಹೊರಗೆ ಬರುತ್ತದೆ. ಸೀಸವನ್ನು ಹಲ್ಲಲ್ಲಿ ಕಚ್ಚಿ ಬಿಗಿ ಮಾಡುವ ಇನ್ನೊಂದು ಚಾಳಿಯನ್ನೂ ಬಿಡಿ, ಸೀಸ ವಿಷ, ಇಕ್ಕಳ ಬಳಸಿ. ತೇಡೆ (ಮೀಸೆಯ ಕಡಲ ಮೀನು, ಕ್ಯಾಟ್‌ಫಿಶ್) ಬಂದರೆ ಬೆನ್ನಿನ ಮುಳ್ಳೂ ಎರಡು ಪಕ್ಕದ ಮುಳ್ಳೂ ಚುಚ್ಚುತ್ತವೆ, ತೊರಕೆಯದು (ಚಪ್ಪಟೆ ಸ್ಟಿಂಗ್‌ರೇ ಮೀನು) ಬಾಲದ ಮುಳ್ಳು. ಚುಚ್ಚಿಸಿಕೊಂಡರೆ ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ (ಸುಮಾರು 45 ಡಿಗ್ರಿ, ಸುಡಬಾರದು) ಅರ್ಧ ತಾಸಿಗೂ ಹೆಚ್ಚು ಅದ್ದಿಟ್ಟು ಆಸ್ಪತ್ರೆಗೆ ಹೋಗಿ.

ರಿಗ್ ಇಟ್ಟುಕೊಳ್ಳಲು ಅಂಗಡಿಯ ಫೋಮಿಗಿಂತ ಒಣಗಿದ ಅಡಿಕೆ ಹಾಳೆ ಚೆನ್ನ. 15 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಎರಡೂ ತುದಿಗೆ ಕಚ್ಚು ಮಾಡಿ, ದಾರ ಸುತ್ತಿ, ಕೊಕ್ಕೆಯ ಮೊನೆಯನ್ನು ಹಾಳೆಗೇ ಚುಚ್ಚಿಡಿ. ಮೇಲೆ ಪೆನ್ನಿನಲ್ಲಿ ಕೊಕ್ಕೆಯ ನಂಬರ್ ಬರೆಯಿರಿ. ಮನೆಗೆ ಬಂದ ರಾತ್ರಿಯೇ ಬಳಸಿದ ರಿಗ್ಗುಗಳನ್ನು ಬಚ್ಚಲಿನ ಸಿಹಿನೀರಿನಲ್ಲಿ ಜಾಲಿಸಿ ಹರವಿ. ಉಪ್ಪು ಉಳಿದ ಕೊಕ್ಕೆ ಗಾಳಿಯ ಪಸೆ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಥಂಡಿಯಲ್ಲಿ ಅದಕ್ಕೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಒಮ್ಮೆ ಉಪ್ಪುನೀರು ಕಂಡ ಹಾಳೆಯನ್ನು ಒಲೆಗೆ ಹಾಕಿ ಹೊಸದು ಕತ್ತರಿಸಿಕೊಳ್ಳಿ.