ಮಕ್ಕಳ ಓಪಿಡಿಯಲ್ಲಿ ಬೇಸಿಗೆ ತರಬೇತಿ: ಮೊದಲು ತೂಕ, ಆಮೇಲೆ ಉಳಿದದ್ದು

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮಕ್ಕಳ ಓಪಿಡಿ ಮುಂದೆ ವಾಂತಿ-ಭೇದಿ, ಜ್ವರದ ಮಕ್ಕಳ ಪಾಳಿ ಬೆಳೆಯುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳು ತರಬೇತಿಗೆ ಬರುವುದೂ ಆಗಲೇ. ಅವರಿಗೆ ಇಂಜೆಕ್ಷನ್ ಕೋಣೆಯ ಆಸೆ. ನಾನು ನಿಲ್ಲಿಸುವುದು ತೂಕದ ಯಂತ್ರದ ಹತ್ತಿರ. ಔಷಧದ ಡೋಸ್, ಓಆರ್‌ಎಸ್ ಲೆಕ್ಕ ಎಲ್ಲ ಆ ಒಂದು ಅಂಕಿಯ ಮೇಲೆಯೇ ನಿಂತಿರುವುದು.

ತೂಗುತಕ್ಕಡಿಗೆ ಜೋಳಿಗೆ ಸಿಕ್ಕಿಸಿದ ಮೇಲೆ ಮುಳ್ಳನ್ನು ಸೊನ್ನೆಗೆ ತರಬೇಕು. ಮೊದಲೇ ತಂದರೆ ಜೋಳಿಗೆಯ ತೂಕವೂ ಮಗುವಿನ ಲೆಕ್ಕಕ್ಕೆ ಸೇರುತ್ತದೆ. ಬೆಳ್ಳಿ ಕಡಗ, ಒದ್ದೆ ಬಟ್ಟೆ ತೆಗೆಸಬೇಕು. ಮಗು ಒದ್ದಾಡಿದರೆ ಅಂದಾಜಿನಲ್ಲಿ ಬರೆಯಬಾರದು: ಎಲೆಕ್ಟ್ರಾನಿಕ್ ಯಂತ್ರದ ಮೇಲೆ ತಾಯಿಯನ್ನು ಒಬ್ಬಳೇ ನಿಲ್ಲಿಸಿ, ಮತ್ತೆ ಮಗುವಿನೊಂದಿಗೆ ನಿಲ್ಲಿಸಿ ಕಳೆಯಬೇಕು. ಯಂತ್ರ ಸಮತಟ್ಟಾದ ನೆಲದ ಮೇಲಿರಲಿ.

ಉಸಿರಾಟವನ್ನು ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸವನ್ನು ನಾನು ಮೊದಲ ದಿನವೇ ಬಿಡಿಸುತ್ತೇನೆ, ಏಕೆಂದರೆ ಎಳೆಗೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗೆ 60, 12 ತಿಂಗಳೊಳಗೆ 50, ಆಮೇಲೆ 5 ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ. ಅಳುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ.

ಬಿಸಿಲಲ್ಲೂ ಕುಂಚಿಗೆ ಕಟ್ಟಿ, ಬಟ್ಟೆ ಸುತ್ತಿ ತರುತ್ತಾರೆ. ಬಿಚ್ಚಿಸಿ, ನೆರಳಲ್ಲಿ ಸ್ವಲ್ಪ ಹೊತ್ತು ಕೂರಿಸಿ ಕಂಕುಳಲ್ಲಿ ಮತ್ತೊಮ್ಮೆ ಜ್ವರ ನೋಡಬೇಕು. ಆದರೆ 2 ತಿಂಗಳೊಳಗಿನ ಕೂಸಿಗೆ 37.5 ಡಿಗ್ರಿ ಸೆಲ್ಸಿಯಸ್ ಕಂಡರೆ ಕಾಯುವ ಮಾತಿಲ್ಲ, ನೇರ ಡಾಕ್ಟರ ಹತ್ತಿರ. ಹಾಲು-ನೀರು ಕುಡಿಯಲಾಗದ, ಕುಡಿದದ್ದೆಲ್ಲ ಕಕ್ಕುವ, ಫಿಟ್ಸ್ ಬಂದ, ಮಂಪರಿನಲ್ಲಿರುವ ಮಗುವಿಗೂ ಪಾಳಿ ಇಲ್ಲ.

ಹೆಚ್ಚು ಹೊತ್ತು ಕಲಿಸುವುದು ಓಆರ್‌ಎಸ್ ಮೂಲೆಯಲ್ಲಿ. ನಿರ್ಜಲೀಕರಣ ಒಂದಿಷ್ಟಿದೆ, ತೀವ್ರವಲ್ಲ ಎಂದು ಡಾಕ್ಟರು ಬರೆದರೆ ಕಿಲೋಗೆ 75 ಮಿ.ಲೀ., 4 ಗಂಟೆಯಲ್ಲಿ. 8 ಕಿಲೋ ಮಗುವಿಗೆ 600 ಮಿ.ಲೀ., ಅಂದರೆ ಗಂಟೆಗೆ 150. 5 ಮಿ.ಲೀ. ಚಮಚದಲ್ಲಿ ಎರಡು ನಿಮಿಷಕ್ಕೊಂದು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ವಾಂತಿಯಾದರೆ 10 ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಶುರು ಮಾಡಬೇಕು. ವಾಂತಿಯಾಯಿತೆಂದು ನಿಲ್ಲಿಸುವುದೇ ಇಲ್ಲಿ ಹೆಚ್ಚಾಗಿ ಕೆಡುವ ಕೆಲಸ.

ಹೊಟ್ಟೆಯ ಚರ್ಮ ಹಿಡಿದು ಬಿಟ್ಟು ನೋಡುವ ಪರೀಕ್ಷೆ ತೀರಾ ಸೊರಗಿದ ಮಕ್ಕಳಲ್ಲಿ ದಾರಿ ತಪ್ಪಿಸುತ್ತದೆ. ನೀರು ಕಡಿಮೆಯಾಗದಿದ್ದರೂ ಅವರ ಚರ್ಮ ನಿಧಾನಕ್ಕೇ ಇಳಿಯುತ್ತದೆ. ಆದ್ದರಿಂದ 6 ತಿಂಗಳಿಂದ 5 ವರ್ಷದೊಳಗಿನವರ ತೋಳಿಗೆ ಪಟ್ಟಿ ಸುತ್ತಿ ನೋಡಬೇಕು. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಮೇಲಿನ ಓಆರ್‌ಎಸ್ ಲೆಕ್ಕ ಅವರಿಗೆ ಹಾಕಬಾರದು, ಡಾಕ್ಟರಿಗೆ ಹೇಳಬೇಕು.

ಪ್ಯಾರಾಸಿಟಮಾಲ್ ಕೊಡುವಾಗ ಬಾಟಲಿಯ ಚೀಟಿ ಓದದೆ ಎಷ್ಟು ಮಿ.ಲೀ. ಎಂದು ಹೇಳಬಾರದು. 10 ಕಿಲೋ ಮಗುವಿಗೆ 150 ಮಿ.ಗ್ರಾಂ. ಬರೆದಿದ್ದರೆ, 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಸಿರಪ್‌ನಲ್ಲಿ 3 ಮಿ.ಲೀ.; 120 ಇರುವುದರಲ್ಲಿ 6 ಮಿ.ಲೀ.ಗಿಂತ ತುಸು ಹೆಚ್ಚು; 1 ಮಿ.ಲೀ.ಗೆ 100 ಇರುವ ಡ್ರಾಪ್ಸ್‌ನಲ್ಲಿ ಬರೀ 1.5.

ಮನೆಗೆ ಕಳಿಸುವಾಗ "ತಿಳೀತಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈ ಪುಡಿ ಎಷ್ಟು ನೀರಿಗೆ ಹಾಕ್ತೀಯವ್ವಾ?" ಎಂದು ಕೇಳಿದರೆ ನಿಜ ಹೊರಬರುತ್ತದೆ: ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಹಾಕುವವರಿದ್ದಾರೆ. ಹಾಗಾದರೆ ಉಪ್ಪು ಹೆಚ್ಚಾಗಿ ಮಗುವಿನ ಜೀವಕ್ಕೇ ಅಪಾಯ. ಖಾಲಿ ಒಂದು ಲೀಟರ್ ನೀರಿನ ಬಾಟಲಿ ತೋರಿಸಿ, ಆ ತಾಯಿಯ ಕೈಯಿಂದಲೇ ಕಲಸಿಸಬೇಕು. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಲು ಹೇಳಬೇಕು.