ಇಆರ್‌ಸಿ ಎರರ್‌ಗಳನ್ನ ಬಾಯ್ಮುಚ್ಚಿಸ್ಬೇಡಿ, ಓದಿ: ಕಿಕ್ಯಾಡ್‌ನಲ್ಲಿ ಸ್ಕೀಮ್ಯಾಟಿಕ್ ಚೆಕ್ ಮಾಡೋದು ಹೇಗೆ

ಕಿಕ್ಯಾಡ್ ಅನ್ನೋ ಸರ್ಕ್ಯೂಟ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಸ್ಕೀಮ್ಯಾಟಿಕ್ (ಸರ್ಕ್ಯೂಟ್‌ನ ನಕ್ಷೆ) ಬರೆದು ಮುಗೀತು ಅಂತ ಸುಮಾರು ಜನ ಸೀದಾ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಲೇಔಟ್‌ಗೆ ಹೋಗ್ಬಿಡ್ತಾರೆ, ಇನ್‌ಸ್ಪೆಕ್ಟ್ ಮೆನುನಲ್ಲಿರೋ ಎಲೆಕ್ಟ್ರಿಕಲ್ ರೂಲ್ಸ್ ಚೆಕರ್ (ಇಆರ್‌ಸಿ) ಓಡಿಸಿದ್ರೆ ಹಾಳೆ ತುಂಬಾ ಬಾಣದ ಗುರುತು ಬರತ್ತೆ, ಗಾಬರಿಯಾಗಿ ವಿಂಡೋ ಮುಚ್ಚಿಬಿಡ್ತಾರೆ. ಅದ್ಯಾವ್ದೂ ಹೆದರೋ ಅಂಥದ್ದಲ್ಲ. ಬಹಳಷ್ಟು ಸಲ ಅಷ್ಟೂ ಬಾಣಕ್ಕೆ ಮೂಲ ಒಂದೆರಡು ಸಣ್ಣ ವಿಷಯ ಇರತ್ತೆ, ಅದನ್ನ ಹಿಡಿದ್ರೆ ಮಿಕ್ಕಿದ್ದು ತಾನಾಗೇ ಹೋಗತ್ತೆ.

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳಿ. ನಿಮ್ಮ ಸರ್ಕ್ಯೂಟ್ ಏನ್ ಕೆಲಸ ಮಾಡತ್ತೆ ಅನ್ನೋದು ಇಆರ್‌ಸಿಗೆ ಗೊತ್ತಿಲ್ಲ, ಅದು ನೋಡೋದು ಮುಖ್ಯವಾಗಿ ಪಿನ್ ಟೈಪ್. ಸಿಂಬಲ್‌ನ ಪ್ರತಿ ಪಿನ್‌ಗೂ ಇನ್‌ಪುಟ್, ಔಟ್‌ಪುಟ್, ಬೈಡೈರೆಕ್ಷನಲ್, ಪ್ಯಾಸಿವ್, ಪವರ್ ಇನ್‌ಪುಟ್, ಪವರ್ ಔಟ್‌ಪುಟ್, ಓಪನ್ ಕಲೆಕ್ಟರ್ ಅಂತ ಒಂದು ಟೈಪ್ ಇರತ್ತೆ, ಒಂದೇ ನೆಟ್‌ನಲ್ಲಿ (ವೈರ್‌ನಿಂದ ಒಂದಕ್ಕೊಂದು ಸೇರಿರೋ ಪಿನ್‌ಗಳ ಗುಂಪು) ಯಾವ ಟೈಪ್ ಜೊತೆ ಯಾವ್ದು ಬಂದ್ರೆ ಎರರ್, ಯಾವ್ದು ವಾರ್ನಿಂಗ್ ಅನ್ನೋ ಟೇಬಲ್ಲು ಸ್ಕೀಮ್ಯಾಟಿಕ್ ಸೆಟಪ್‌ನಲ್ಲಿ ಪಿನ್ ಕಾನ್‌ಫ್ಲಿಕ್ಟ್ಸ್ ಮ್ಯಾಪ್ ಅಂತ ಇದೆ. ಒಂದ್ಸಲ ತೆಗೆದು ನೋಡಿ. ಎರಡು ಔಟ್‌ಪುಟ್ ಸೇರಿದ್ರೆ ಎರರ್, ಎರಡು ಪವರ್ ಔಟ್‌ಪುಟ್ ಸೇರಿದ್ರೂ ಎರರ್, ಪ್ಯಾಸಿವ್ ಪಿನ್ ಮಾತ್ರ ಹೆಚ್ಚುಕಮ್ಮಿ ಎಲ್ಲದರ ಜೊತೆಗೂ ಸುಮ್ನಿರತ್ತೆ.

ಹಾಗಾಗಿ ನೀವೇ ಸಿಂಬಲ್ ಮಾಡ್ಕೊಂಡಿದ್ರೆ ಡೇಟಾಶೀಟ್ ಪಕ್ಕದಲ್ಲಿಟ್ಕೊಂಡು ಪಿನ್ ಟೈಪ್ ಸರಿಯಾಗಿ ತುಂಬಿ. ಎಲ್ಲಾ ಪಿನ್‌ಗೂ ಪ್ಯಾಸಿವ್ ಹಾಕ್ಬಿಟ್ರೆ ಕಾನ್‌ಫ್ಲಿಕ್ಟ್ ಎರರ್ ಒಂದೂ ಬರಲ್ಲ, ನಿಜ, ಆದ್ರೆ ಆ ಕ್ಲೀನ್ ರಿಪೋರ್ಟ್‌ಗೆ ಮೂರು ಕಾಸಿನ ಬೆಲೆ ಇಲ್ಲ. ಉದಾಹರಣೆಗೆ ಯುಆರ್ಟ್‌ನಲ್ಲಿ (ಎರಡು ಚಿಪ್ ಮಾತಾಡೋ ಸೀರಿಯಲ್ ಸಂಪರ್ಕ) ಎರಡೂ ಕಡೆ ಡೇಟಾ ಕಳಿಸೋ ಟಿಎಕ್ಸ್ ಪಿನ್ ಔಟ್‌ಪುಟ್ ಅಂತ ಇದ್ರೆ, ನೀವು ಟಿಎಕ್ಸ್‌ಗೆ ಟಿಎಕ್ಸ್ ಎಳೆದ ತಕ್ಷಣ ಹಿಡಿದು ತೋರ್ಸತ್ತೆ, ಪ್ಯಾಸಿವ್ ಆಗಿದ್ರೆ ಬೋರ್ಡ್ ಮಾಡಿಸ್ಕೊಂಡು ಬಂದ್ಮೇಲೇ ಗೊತ್ತಾಗೋದು. ಲೈಬ್ರರಿಯಲ್ಲಿ ಟೈಪ್ ತಿದ್ದಿದ್ಮೇಲೆ ಟೂಲ್ಸ್ ಮೆನುನಿಂದ ಅಪ್‌ಡೇಟ್ ಸಿಂಬಲ್ಸ್ ಫ್ರಮ್ ಲೈಬ್ರರಿ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಹಾಳೆ ಮೇಲೆ ಹಳೇ ಸಿಂಬಲ್ಲೇ ಕೂತಿರತ್ತೆ.

ಈಗ ಎಲ್ಲರನ್ನೂ ಕಾಡೋ ಎರರ್‌ಗೆ ಬರೋಣ: "ಇನ್‌ಪುಟ್ ಪವರ್ ಪಿನ್ ನಾಟ್ ಡ್ರಿವನ್ ಬೈ ಎನಿ ಔಟ್‌ಪುಟ್ ಪವರ್ ಪಿನ್ಸ್". ವೈರ್ ಸರಿಯಾಗೇ ಇದೆ, ವಿಸಿಸಿ (ಸಪ್ಲೈ) ಸಿಂಬಲ್ ಹಾಕಿದೀನಿ, ಆದ್ರೂ ಯಾಕೆ ಬೈತಿದೆ ಅಂತ ತಲೆ ಕೆಡಿಸ್ಕೊಳ್ತಾರೆ. ಕಾರಣ ಇಷ್ಟೇ, ಐಸಿಯ ಪವರ್ ಇನ್‌ಪುಟ್ ಪಿನ್ ಇರೋ ನೆಟ್‌ನಲ್ಲಿ ಪವರ್ ಔಟ್‌ಪುಟ್ ಟೈಪ್‌ನ ಪಿನ್ ಒಂದಾದ್ರೂ ಇರ್ಬೇಕು. 7805 ಥರದ ರೆಗ್ಯುಲೇಟರ್‌ನ ಔಟ್‌ಪುಟ್ ಪಿನ್ನು ಪವರ್ ಔಟ್‌ಪುಟ್ಟೇ, ಅದ್ರಿಂದ 5 ವೋಲ್ಟ್ ನೆಟ್ ಬಗ್ಗೆ ತಕರಾರಿಲ್ಲ. ಆದ್ರೆ ಆ ರೆಗ್ಯುಲೇಟರ್‌ಗೆ ಕರೆಂಟ್ ಬರೋದು ಕನೆಕ್ಟರ್‌ನಿಂದ, ಕನೆಕ್ಟರ್ ಪಿನ್ ಪ್ಯಾಸಿವ್, ಹಾಗಾಗಿ ಇನ್‌ಪುಟ್ ನೆಟ್‌ಗೂ ಗ್ರೌಂಡ್‌ಗೂ ಎರರ್ ಬರತ್ತೆ. ಅಲ್ಲಿ ಪವರ್ ಫ್ಲ್ಯಾಗ್ ಸಿಂಬಲ್ ಹಾಕಿ, ನೆಟ್‌ಗೆ ಒಂದು ಸಾಕು. ಫೆರೈಟ್ ಬೀಡ್, ಫ್ಯೂಸ್, ಡಯೋಡ್ ದಾಟಿದ್ಮೇಲೆ ಅದು ಬೇರೆ ನೆಟ್ ಅನ್ನೋದು ನೆನಪಿರಲಿ. 3.3 ವೋಲ್ಟ್ ಲೈನ್‌ನಿಂದ ಬೀಡ್ ಹಾಕಿ ಅನಲಾಗ್ ಸಪ್ಲೈ ತೆಗೆದಿದ್ರೆ ಅದಕ್ಕೂ ಇನ್ನೊಂದು ಫ್ಲ್ಯಾಗ್ ಬೇಕು.

ಒಂದು ಎಚ್ಚರಿಕೆ. ಫ್ಲ್ಯಾಗ್ ಅಂದ್ರೆ "ಇಲ್ಲಿಗೆ ಪವರ್ ಬರತ್ತೆ" ಅಂತ ನೀವು ಸಾಫ್ಟ್‌ವೇರ್‌ಗೆ ಕೊಡೋ ಮಾತು. ನೆಟ್ ಹೆಸರಲ್ಲಿ ಒಂದಕ್ಷರ ತಪ್ಪಿ ನಿಜವಾಗ್ಲೂ ಪವರ್ ಬರದೇ ಇರೋ ಜಾಗಕ್ಕೆ ಫ್ಲ್ಯಾಗ್ ಅಂಟಿಸಿದ್ರೆ, ಹೇಳೋಕೆ ಬಂದಿದ್ದ ಇಆರ್‌ಸಿ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಮೊದ್ಲು ಆ ವೈರ್ ಎಲ್ಲಿಂದ ಬರ್ತಿದೆ ಅಂತ ಬೆರಳಿಟ್ಟು ನೋಡಿ, ಆಮೇಲೆ ಫ್ಲ್ಯಾಗ್.

ಎರಡನೇ ದೊಡ್ಡ ಗುಂಪು ಗ್ರಿಡ್‌ದು. ಪಿನ್ನು ವೈರ್ ಕಣ್ಣಿಗೆ ಸೇರಿದ ಹಾಗೇ ಕಾಣತ್ತೆ, ಜೂಮ್ ಮಾಡಿದ್ರೆ ಪಿನ್ ತುದೀಲಿ ಸಣ್ಣ ಸುತ್ತು ಹಾಗೇ ಉಳಿದಿರತ್ತೆ, ಅಂದ್ರೆ ಕನೆಕ್ಟ್ ಆಗಿಲ್ಲ. ಲೈಬ್ರರಿ ಸಿಂಬಲ್‌ಗಳೆಲ್ಲ 50 ಮಿಲ್, ಅಂದ್ರೆ 1.27 ಎಂಎಂ ಗ್ರಿಡ್‌ಗೆ ಮಾಡಿರೋದು, ಚೆನ್ನಾಗ್ ಕಾಣ್ಲಿ ಅಂತ ಮಧ್ಯದಲ್ಲಿ ಗ್ರಿಡ್ ಚಿಕ್ಕದು ಮಾಡಿ ಏನಾದ್ರೂ ಸರಿಸಿದ್ರೆ ಈ ತೊಂದ್ರೆ ಶುರು. ಆ ಭಾಗ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್‌ನಲ್ಲಿ ಅಲೈನ್ ಎಲಿಮೆಂಟ್ಸ್ ಟು ಗ್ರಿಡ್ ಕೊಡಿ, ಆಮೇಲೆ ವೈರ್‌ಗಳನ್ನ ಒಂದ್ಸಲ ಕಣ್ಣಾಡಿಸಿ, ಪಕ್ಕದ ವೈರ್‌ಗೆ ಅಂಟ್ಕೊಂಡಿರ್ಬಾರ್ದು.

ಬೇಕಂತಲೇ ಖಾಲಿ ಬಿಟ್ಟಿರೋ ಪಿನ್‌ಗೆ ಕ್ಯೂ ಕೀ ಒತ್ತಿ ನೋ ಕನೆಕ್ಟ್ ಗುರುತು ಹಾಕಿ. ಆದ್ರೆ ಸಾಲಾಗಿ ಎಲ್ಲದಕ್ಕೂ ಹಾಕ್ಕೊಂಡು ಹೋಗ್ಬೇಡಿ, ರೀಸೆಟ್, ಎನೇಬಲ್ ಥರದ ಪಿನ್‌ಗಳನ್ನ ತೇಲೋಕೆ ಬಿಡ್ಬಹುದಾ ಅಂತ ಡೇಟಾಶೀಟ್ ನೋಡಿ. ಬಳಸ್ದೇ ಇರೋ ಇನ್‌ಪುಟ್‌ಗಳನ್ನೂ ಅಷ್ಟೇ, ಸಿಮಾಸ್ ಗೇಟ್ ಆದ್ರೆ ವಿಸಿಸಿಗೋ ಗ್ರೌಂಡ್‌ಗೋ ಕಟ್ಟಲೇಬೇಕು. ಎಲ್‌ಎಂ358 ಥರದ, ಒಳಗೆ ಎರಡು ಆಪ್-ಆಂಪ್ ಇರೋ ಐಸಿ ಹಾಕಿ ಒಂದೇ ಆಂಪ್ ಬಳಸಿದ್ರೆ ಇನ್ನೊಂದು ಯೂನಿಟ್ ಇಟ್ಟಿಲ್ಲ ಅಂತ ಹೇಳತ್ತೆ, ಪವರ್ ಪಿನ್ ಇರೋ ಯೂನಿಟ್ ಬೇರೇನೇ ಇರತ್ತೆ, ಅದನ್ನ ಇಡದೇ ಹೋದ್ರೆ ಆ ಐಸಿಗೆ ಸಪ್ಲೈಯೇ ಇರಲ್ಲ!

ನೆಟ್‌ಗೆ ಹೆಸರು ಕೊಡೋ ಲೇಬಲ್ ವಿಷಯದಲ್ಲಿ, ಲೋಕಲ್ ಲೇಬಲ್ ಆ ಶೀಟ್‌ಗೆ ಮಾತ್ರ, ಬೇರೆ ಶೀಟ್‌ಗೆ ಹೋಗ್ಬೇಕಾದ್ರೆ ಗ್ಲೋಬಲ್ ಅಥವಾ ಹೈರಾರ್ಕಿಕಲ್ ಬೇಕು. ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸ ಇದ್ರೆ ಎರಡು ಬೇರೆ ನೆಟ್ ಆಗತ್ತೆ, ಆ ವಾರ್ನಿಂಗ್ ಬಂದ್ರೆ ದಯವಿಟ್ಟು ದಾಟಿಸ್ಬೇಡಿ.

ಎಲ್ಲಾ ಸರಿ ಮಾಡಿದ್ಮೇಲೂ ಒಂದೆರಡು ಉಳಿದು, ಅವು ನಿಜವಾಗ್ಲೂ ತೊಂದ್ರೆ ಇಲ್ಲ ಅಂತ ಖಾತ್ರಿ ಇದ್ರೆ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದೊಂದನ್ನೇ ಎಕ್ಸ್‌ಕ್ಲೂಡ್ ಮಾಡಿ. ಆ ಜಾತಿಯ ಎರರ್‌ನ ಪೂರ್ತಿ ಇಗ್ನೋರ್‌ಗೆ ಹಾಕ್ಬೇಡಿ, ನಾಳೆ ಅದೇ ಥರದ ನಿಜವಾದ ತಪ್ಪು ಬಂದ್ರೂ ಕಾಣಲ್ಲ. ಹೊಸ ವರ್ಷನ್‌ಗಳಲ್ಲಿ ಎಕ್ಸ್‌ಕ್ಲೂಡ್ ಮಾಡ್ವಾಗ ಕಾಮೆಂಟ್ ಬರೆಯೋಕೂ ಆಗತ್ತೆ, ಕಾರಣ ಬರೆದಿಡಿ, ಆರು ತಿಂಗಳಾದ್ಮೇಲೆ ಫೈಲ್ ತೆಗೆದಾಗ ಬೇಕಾಗತ್ತೆ.

ಇನ್ನು ಕೆಪಾಸಿಟರ್ ವೋಲ್ಟೇಜ್ ಸಾಲದು, ರೆಸಿಸ್ಟರ್ ವ್ಯಾಲ್ಯೂ ತಪ್ಪು, ಎಲ್‌ಇಡಿ ತಿರುಗಾಮುರುಗಾ, 3.3 ವೋಲ್ಟ್ ಚಿಪ್‌ಗೆ 5 ವೋಲ್ಟ್ ಸಿಗ್ನಲ್, ಇವ್ಯಾವ್ದನ್ನೂ ಇಆರ್‌ಸಿ ಹಿಡಿಯಲ್ಲ. ಅದಕ್ಕೆ ಪ್ರಿಂಟ್ ತೆಗೆದು ಹೈಲೈಟರ್ ಹಿಡ್ಕೊಂಡು ಒಂದೊಂದೇ ನೆಟ್ ಬಣ್ಣ ಹಚ್ಕೊಂಡು ಹೋಗಿ, ಸಾಧ್ಯ ಆದ್ರೆ ಆ ಸ್ಕೀಮ್ಯಾಟಿಕ್ ಬರೀದೇ ಇರೋರ ಕೈಲಿ ಮಾಡ್ಸಿ.