ಒಣಗಿದ ಕಳೆ ನಡುವೆ ಒಂದೇ ಹಸಿರು ಗಿಡ

ಹಾವೇರಿ ಕಡೆ ಗೋವಿನಜೋಳ ಹಾಕಿದವರು ಕಳೆ ಎಣ್ಣೆ ಹೊಡೆದ ಎರಡು ವಾರಕ್ಕೆ ಹೊಲದಲ್ಲಿ ಒಂದು ಸುತ್ತು ಹಾಕಿ. ಪಟ್ಟೆಪಟ್ಟೆಯಾಗಿ ಎಲ್ಲ ಕಳೆಯೂ ಉಳಿದಿದ್ದರೆ ಹೆಚ್ಚಾಗಿ ಅದು ಸಿಂಪಡಿಸುವ ಪಂಪಿನ ನಾಜಲ್ ತಪ್ಪು. ಆದರೆ ಒಂದೇ ಜಾತಿಯಲ್ಲಿ ಪಕ್ಕದ ಗಿಡ ಒಣಗಿ, ಇನ್ನೊಂದು ಹಸಿರಾಗಿ ನಿಂತಿದ್ದರೆ? ಔಷಧಕ್ಕೆ ಬಗ್ಗದ ಗಿಡ ಇರಬಹುದು. ಬೀಜ ಕಟ್ಟುವ ಮೊದಲೇ ಬೇರು ಸಮೇತ ಕಿತ್ತುಬಿಡಿ. ಡೋಸ್ ಜಾಸ್ತಿ ಮಾಡಿ ಅದನ್ನೇ ಹೊಡೆದರೆ ಸುಮ್ನೆ ದುಡ್ಡು ದಂಡ.

ಹರಿಯಾಣದ ಗೋಧಿ ಹೊಲಗಳಲ್ಲಿ ಐಸೊಪ್ರೊಟ್ಯುರಾನ್ ಎಂಬ ಕಳೆ ಎಣ್ಣೆ ಒಂದನ್ನೇ ವರ್ಷವರ್ಷ ಹೊಡೆದು, 1990ರ ದಶಕದ ಹೊತ್ತಿಗೆ ಫಲಾರಿಸ್ ಕಳೆ ಅದಕ್ಕೆ ಸಾಯದಂತಾಗಿತ್ತು.

ಬರೀ ಬ್ರಾಂಡ್ ಬದಲಿಸಿದರೆ ಸಾಲದು, ಒಳಗಿನ ಔಷಧ ಅದೇ ಇರುತ್ತದೆ ಅಲ್ವಾ? ಬೇರೆ ರೀತಿ ಕೆಲಸ ಮಾಡುವ ಔಷಧ ಕೇಳಿ. ನಡುವೆ ಎಡೆಕುಂಟೆ ಹೊಡೆಯೋದು ಬಿಡಬೇಡಿ.